ಬಿಸಿಯಿಲ್ಲದ ಬೆಳಕು

ಮುಂದಿನ ಕೋಣೆಯಿಂದ ಯಜಮಾನರು “ದೀಪ” ಎಂದು ಕೂಗಿದರೆ ಸಾಕು, ಒಳಗೆ ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಬೇಕು, ಇಸ್ತ್ರಿಪೆಟ್ಟಿಗೆಯ ವೈರು ಕೀಳಬೇಕು, ಬಚ್ಚಲಿನ ಗೀಸರ್ ಆರಿಸಬೇಕು. ಇಲ್ಲದಿದ್ದರೆ ಫ್ಯೂಸ್ ಹಾರಿ ಸ್ಟುಡಿಯೋ, ಮನೆ ಎರಡೂ ಒಟ್ಟಿಗೆ ಕತ್ತಲಾಗುತ್ತಿದ್ದವು. ಹೀಗಾಗಿ ಆ ಮನೆಯಲ್ಲಿ ಅರ್ಧ ಅರೆದ ಮಸಾಲೆ, ಅರ್ಧ ತೊಳೆದ ತಲೆ, ಅರ್ಧ ಇಸ್ತ್ರಿಯಾದ ಅಂಗಿ ಯಾವಾಗಲೂ ಇದ್ದೇ ಇರುತ್ತಿದ್ದವು. ಅಳಿಯನಂತೂ ಒಂದು ದಿನ ಅಂಥ ಅಂಗಿಯನ್ನೇ ತೊಟ್ಟು ತನ್ನ ಔಷಧಿ ಅಂಗಡಿಗೆ ಹೋಗಿ, ಕೇಳಿದವರಿಗೆಲ್ಲ ಸುಕ್ಕಿರುವ ಎಡಭಾಗ ನಮ್ಮ ಮಾವನವರದ್ದು, ಬಲಭಾಗ ನನ್ನದು ಎಂದು ಹೇಳಿಕೊಂಡು ಬಂದಿದ್ದ.

ಫೋಟೋ ಸ್ಟುಡಿಯೋ ಬೀದಿಯ ಕಡೆಗೆ, ಮನೆ ಅದರ ಬೆನ್ನಿಗೆ. ನಡುವೆ ಒಂದು ದಪ್ಪ ಪರದೆ. ದೀಪಗಳು ಮೂರು. ಕೂತವರ ಎಡಕ್ಕೆ ಎತ್ತರದ ಸ್ಟ್ಯಾಂಡಿನ ಮೇಲೆ ನಿಲ್ಲುವ ದೊಡ್ಡ ದೀಪಕ್ಕೆ ಮನೆಯವರು ಇಟ್ಟ ಹೆಸರು ದೊಡ್ಡಣ್ಣ. ದೊಡ್ಡಣ್ಣ ಮಾಡಿದ ಕಡುನೆರಳನ್ನು ಬಲಗಡೆಯಿಂದ ಮೆಲ್ಲಗೆ ತಿಳಿಮಾಡುವವನು ಚಿಕ್ಕಣ್ಣ. ಹಿಂದುಗಡೆ ಅವಿತು ನಿಂತು ಕೂದಲ ಅಂಚಿಗೆ ಮಾತ್ರ ಹೊಳಪು ಕೊಡುವವನು ಕಳ್ಳ. ಮೂವರೂ ಒಟ್ಟಿಗೆ ಉರಿದರೆ ಕೋಣೆ ಕುಲುಮೆಯಂತಾಗುತ್ತಿತ್ತು.

ಆ ಬೇಗೆಯಲ್ಲಿ ಗಿರಾಕಿಯನ್ನು ಹೆಚ್ಚು ಹೊತ್ತು ಕೂರಿಸಬಾರದು ಎಂಬುದು ಯಜಮಾನರ ಕಟ್ಟುನಿಟ್ಟು. ಅದಕ್ಕೇ ಗಿರಾಕಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಷ್ಟರಲ್ಲಿ ಅವರ ಹೆಂಡತಿ ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರಬೇಕು. ಅವಳ ಮುಖದ ಮೇಲೆ ದೀಪ ಹೊಂದಿಸಿ ಮುಗಿದ ಮೇಲೆ ಅವಳು ಎದ್ದು ಒಲೆಯ ಮುಂದೆ ಹೋಗಬೇಕು, ಗಿರಾಕಿ ಬಂದು ಅವಳ ಬೆಳಕಿನಲ್ಲಿ ಕೂರಬೇಕು. ಗಿರಾಕಿ ಬೇಯಬಾರದು, ಹೆಂಡತಿ ಬೆಂದರೆ ಅಡ್ಡಿಯಿಲ್ಲ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಊರಿನವರು ಅವಳಿಗೆ ಇಟ್ಟ ಹೆಸರು ಸ್ಟೂಲಮ್ಮ. ಮೊದಮೊದಲು ಆ ಹೆಸರು ಕೇಳಿ ಮೂಗು ಮುರಿದಿದ್ದಳು, ಆಮೇಲೆ ತರಕಾರಿಯವನು ಹಾಗೆ ಕೂಗಿದರೂ ಓಗೊಡುತ್ತಿದ್ದಳು.

ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ತನ್ನ ಮುಖವನ್ನೇ ಅಷ್ಟು ಹೊತ್ತು ನೋಡುತ್ತಾರಲ್ಲ ಎಂದು ಅವಳು ನಾಚಿ ನೀರಾಗಿದ್ದಳು. ಅವರು ನೋಡುತ್ತಿರುವುದು ತನ್ನ ಮೂಗಿನ ನೆರಳನ್ನು ಎಂದು ತಿಳಿದಾಗ ಎರಡು ದಿನ ಮಾತು ಬಿಟ್ಟಿದ್ದಳು. ದೊಡ್ಡಣ್ಣನ ಬೆಳಕು ಮೂಗು ದಾಟಿ ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ ಒಂದು ಸಣ್ಣ ಎಲೆಯಷ್ಟು ಬೀಳಬೇಕು. ಮನೆಯಲ್ಲಿ ಅದನ್ನು ಎಲೆ ಎಂದೇ ಕರೆಯುತ್ತಿದ್ದರು. ಎಲೆ ಬಿತ್ತೆಂದರೆ ಯಜಮಾನರ ಗಂಟಲಿನಿಂದ ಒಂದು “ಹ್ಞೂಂ” ಹೊರಡುತ್ತಿತ್ತು, ಅವಳು ಎದ್ದು ಹೋಗುತ್ತಿದ್ದಳು. ಬೋಳುತಲೆಯವರು ಬಂದರೆ ತಲೆಗೆ ಬಿಳಿ ಟವೆಲು ಬಿಗಿದು ಕೂತಳು. ಕನ್ನಡಕದವರು ಬಂದರೆ ಗಾಜಿನಲ್ಲಿ ದೀಪ ಮಿಂಚುತ್ತದೋ ಎಂದು ನೋಡಲು ಮಾವನ ಕನ್ನಡಕ ಏರಿಸಿಕೊಂಡು ಕೂತಳು. ಆ ಸ್ಟೂಲಿನ ಮೇಲೆ ಬಟಾಣಿ ಬಿಡಿಸಿದಳು, ಸ್ವೆಟರು ಹೆಣೆದಳು, ಮಗಳಿಗೆ ಹಾಲೂಡಿಸಿದಳು. ಚಳಿಗಾಲದಲ್ಲಿ ಮಗಳ ಒದ್ದೆ ಕೂದಲು ಒಣಗಿದ್ದು ದೊಡ್ಡಣ್ಣನ ಮುಂದೆ. ಕಾಯಿ ಹಣ್ಣಾಗದಿದ್ದರೆ ಕಳ್ಳನ ಕೆಳಗಿಡುತ್ತಿದ್ದಳು. ಆ ದಿನಗಳನ್ನು ನೆನೆದರೆ ಈಗಲೂ ಅವಳ ಎಡಗೆನ್ನೆ ಬೆಚ್ಚಗಾಗುತ್ತಿತ್ತು. ಎಂಥ ಸುಖದ ದಿನಗಳು ಎಂದು ಅವಳಿಗೆ ಅನ್ನಿಸುತ್ತಿತ್ತು, ಆಗ ಬೆವರು ಒರೆಸಿಕೊಳ್ಳುತ್ತ ಗೊಣಗಿದ್ದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ಅದೇ ಮಗಳು ಈಗ ಸ್ಟುಡಿಯೋದ ಕ್ಯಾಮೆರಾ ಹಿಡಿದಿದ್ದಳು. ಫಿಲ್ಮು ಹೋಗಿ ಕಂಪ್ಯೂಟರು ಬಂದಾಗ ಯಜಮಾನರು ತಾವಾಗಿ ಕ್ಯಾಮೆರಾವನ್ನು ಅವಳಿಗೆ ಒಪ್ಪಿಸಿದ್ದರು. ದೀಪ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಅಪ್ಪನ ದೀಪಕ್ಕೆ ಮಗಳು ಕೈ ಹಾಕಬಾರದು, ಮಗಳ ಕ್ಯಾಮೆರಾಕ್ಕೆ ಅಪ್ಪ ಕಣ್ಣಿಡಬಾರದು. ಈ ಒಪ್ಪಂದದ ಮೇಲೆ ಇಬ್ಬರೂ ಜಗಳವಿಲ್ಲದೆ, ಅಂದರೆ ದಿನಕ್ಕೊಂದೇ ಜಗಳದಲ್ಲಿ, ಬಹಳ ವರ್ಷ ಕೆಲಸ ಮಾಡಿಕೊಂಡು ಬಂದಿದ್ದರು.

ಒಂದು ಸಂಜೆ ಊಟದ ಹೊತ್ತಿಗೆ ಮಗಳು ಆ ಒಪ್ಪಂದ ಮುರಿದಳು. ಎಲ್ಲರ ತಟ್ಟೆಗೂ ಅನ್ನ ಬಿದ್ದಿತ್ತು, ಸ್ಟೂಲಮ್ಮ ಹುರಿದ ಆಲೂಗಡ್ಡೆಯನ್ನು ಮೊಮ್ಮಗಳ ಕೈಗೆ ಸಿಗದಂತೆ ಈಚೆ ಇಟ್ಟುಕೊಂಡು ಬಡಿಸುತ್ತಿದ್ದಳು. ಮೊಮ್ಮಗಳು ಹೈಸ್ಕೂಲಿನ ಹುಡುಗಿ, ಬಾಯಿ ಮುಚ್ಚದವಳಾದ್ದರಿಂದ ಮನೆಯಲ್ಲಿ ಗಿಣಿ ಎಂದು ಹೆಸರು.

ಮಗಳು ತಟ್ಟೆ ನೋಡುತ್ತಲೇ ಹೇಳಿದಳು: “ಹೊಸ ದೀಪಕ್ಕೆ ಹೇಳಿದೀನಿ ಅಪ್ಪ. ಬರೋ ತಿಂಗಳು ಬರುತ್ತೆ. ಹಳೇದು ಮೂರೂ ಇಳಿಸಿಬಿಡೋಣ.”

“ನಾನಿರೋವರೆಗೂ ಅದು ಆಗಲ್ಲ” ಎಂದರು ಯಜಮಾನರು, ಉಪ್ಪು ಕೇಳುವಷ್ಟು ನಿಧಾನವಾಗಿ.

ಮಗಳು ಕಾರಣಗಳನ್ನು ಒಂದೊಂದಾಗಿ ಹೊರಗಿಟ್ಟಳು. ಹೊಸ ದೀಪ ಎಷ್ಟು ಹೊತ್ತು ಉರಿದರೂ ಐಸಿನಂತೆ ತಣ್ಣಗಿರುತ್ತದೆ. ಹೋದ ವಾರ ಮದುಮಗಳೊಬ್ಬಳ ಬಣ್ಣವೆಲ್ಲ ಕರಗಿ ಕೊರಳಿಗೆ ಇಳಿದು, ಅವಳ ಅಕ್ಕ ಬಾಯಿಗೆ ಬಂದಂತೆ ಅಂದು ಹೋಗಿದ್ದಳು. ಕೂಸುಗಳು ಕಿರುಚುತ್ತವೆ. ಮುದುಕರು ನೀರು ಕೇಳುತ್ತಾರೆ. ಗಿಣಿ ನಡುವೆ ಬಾಯಿ ಹಾಕಿ, ಹಾಗಾದರೆ ಇನ್ನುಮೇಲೆ ಗೀಸರ್ ಆರಿಸದೆ ಪೂರ್ತಿ ತಲೆ ತೊಳೆದುಕೊಳ್ಳಬಹುದೇ ಎಂದು ಕೇಳಿದಳು. ಅಳಿಯ ತನಗೂ ಅಂಗಿಯ ಎರಡೂ ತೋಳು ಇಸ್ತ್ರಿಯಾಗುವ ಯೋಗವಿದೆ ಎಂದ. ಯಾರೂ ನಗಲಿಲ್ಲ.

ಯಜಮಾನರು ಅಷ್ಟಕ್ಕೂ ಒಂದೇ ಉತ್ತರ ಕೊಟ್ಟರು. “ಆಗಲ್ಲ ಅಂದ್ನಲ್ಲ.”

“ಯಾಕೆ ಅಂತಾದ್ರೂ ಹೇಳಿ.”

ಅವರು ಅನ್ನ ಕಲಸಿಕೊಳ್ಳತೊಡಗಿದರು. ಮಗಳು ತಾಯಿಯ ಕಡೆ ತಿರುಗಿದಳು. ಸ್ಟೂಲಮ್ಮ ಆಲೂಗಡ್ಡೆಯ ಬಟ್ಟಲಿನಲ್ಲಿ ಚಮಚ ಆಡಿಸುತ್ತ, ಇರಲಿ ಬಿಡೇ, ಅವರ ಮನಸ್ಸಿಗೆ ಯಾಕೆ ನೋವು ಮಾಡ್ತೀಯ ಎಂದಳು.

“ಬೇಯೋದು ನೀನು ಅಮ್ಮ” ಎಂದಳು ಮಗಳು. “ಬೆವರುಸಾಲೆ ಆಗಿ ರಾತ್ರಿಯೆಲ್ಲ ಕತ್ತು ಕೆರ್ಕೊಳ್ಳೋದು ನೀನು. ಮುಕ್ಕಾಲು ಪಾಲು ನಿನಗೋಸ್ಕರನೇ ಅಲ್ವಾ ನಾನು ತರಿಸ್ತಿರೋದು.”

ಆ ಮಾತು ಸ್ಟೂಲಮ್ಮನ ಕರುಳಿಗೆ ಚುಚ್ಚಿತು. ಆದರೂ ಅವಳು ಗಂಡನ ಪಕ್ಷವನ್ನೇ ಹಿಡಿದು ಕೂತಳು, ಮಗಳು ಅರ್ಧ ಊಟಕ್ಕೇ ಕೈ ತೊಳೆದಳು.

ಕಾರಣ ಗೊತ್ತಿದ್ದವಳು ಅವಳೊಬ್ಬಳೇ. ಯಜಮಾನರ ಕಣ್ಣು ಹೋಗುತ್ತಿತ್ತು.

ಅದು ಒಂದು ವಿಚಿತ್ರ ರೀತಿಯಲ್ಲಿ ಹೋಗುತ್ತಿತ್ತು. ಅಂಚುಗಳು ಚೆನ್ನಾಗಿ ಕಾಣುತ್ತಿದ್ದವು, ನಡು ಮಾತ್ರ ಮಸಕು. ಬಾಗಿಲು ಕಾಣುತ್ತಿತ್ತು, ಮೆಟ್ಟಿಲು ಕಾಣುತ್ತಿತ್ತು, ತಟ್ಟೆಯಲ್ಲಿ ಅನ್ನವೆಲ್ಲಿ ಪಲ್ಯವೆಲ್ಲಿ ಎಂದು ತಿಳಿಯುತ್ತಿತ್ತು. ಮನುಷ್ಯರ ಕಡೆ ನೋಡಿದರೆ ಕಿವಿ ಎರಡು, ಕೂದಲು, ಭುಜ ಕಾಣುತ್ತಿದ್ದವು. ಮುಖವಿರಬೇಕಾದಲ್ಲಿ ಬೂದಿಬಣ್ಣದ ಒಂದು ಕಲೆ. ಬದುಕಿಡೀ ಮುಖ ನೋಡಿದ ಮನುಷ್ಯನಿಗೆ ಮುಖವೊಂದೇ ಕಾಣದಂತಾಗಿತ್ತು. ಇಬ್ಬರೂ ಸಂತೆಗೆ ಹೋಗಿಬರುತ್ತೇವೆಂದು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಕನ್ನಡಕದಿಂದಲೂ ಆಪರೇಷನ್ನಿನಿಂದಲೂ ಆಗುವುದಿಲ್ಲ, ಇದ್ದಷ್ಟು ಉಳಿದರೆ ಅದೇ ಪುಣ್ಯ ಎಂದು ಡಾಕ್ಟರು ಮಾತ್ರೆ ಬರೆದಿದ್ದರು. ಮನೆಯಲ್ಲೇ ಔಷಧಿ ಅಂಗಡಿಯ ಅಳಿಯನಿರುವಾಗ ಸ್ಟೂಲಮ್ಮ ಆ ಮಾತ್ರೆಗೆ ಊರಿನ ಆಚೆ ತುದಿಯ ಅಂಗಡಿಗೆ ನಡೆದುಹೋಗಿ ಬರುತ್ತಿದ್ದಳು, ತಂದು ಬೇಳೆ ಡಬ್ಬಿಯಲ್ಲಿ ಹುದುಗಿಸಿಡುತ್ತಿದ್ದಳು.

ದೀಪ ಹೊಂದಿಸುವುದು ಹೇಗೆ ನಡೆಯುತ್ತಿತ್ತು ಎಂದರೆ, ಬಿಸಿಯಿಂದ. ಅವಳು ಸ್ಟೂಲಿನ ಮೇಲೆ ಕೂತಾಗ ಯಜಮಾನರು ಹತ್ತಿರ ಬಂದು ಅಂಗೈಯ ಹಿಂಭಾಗವನ್ನು ಅವಳ ಎಡಗಣತಲೆಯ ಪಕ್ಕ ಹಿಡಿಯುತ್ತಿದ್ದರು. ಅಲ್ಲಿ ಬಿಸಿ ತುಂಬಿರಬೇಕು. ಆಮೇಲೆ ಬಲಗೆನ್ನೆಯ ಪಕ್ಕ. ಅಲ್ಲಿ ಬಿಸಿ ಒಂದು ಎಳೆಯಷ್ಟು ಮಾತ್ರ ತಾಗಬೇಕು. ತಾಗಿದರೆ ಎಲೆ ಬಿದ್ದಿದೆ ಎಂದೇ ಅರ್ಥ. ಚರ್ಮವನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ದೀಪದ ಬಿಸಿ ಯಾವುದು ಹೆಂಡತಿಯ ಬಿಸಿ ಯಾವುದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಮಗಳು ಕ್ಯಾಮೆರಾದ ಹಿಂದೆ ತನ್ನ ಕೆಲಸದಲ್ಲಿರುತ್ತಿದ್ದಳು, ಅಪ್ಪ ಅಮ್ಮನ ಕೂದಲು ಸರಿಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ಒಂದು ವರ್ಷ ಹಾಗೆ ಸಾಗಿತ್ತು, ಒಂದು ಫೋಟೋವೂ ಕೆಟ್ಟಿರಲಿಲ್ಲ.

ಆ ರಾತ್ರಿ ಪಾತ್ರೆ ತೊಳೆಯುತ್ತ ಸ್ಟೂಲಮ್ಮ ಗಂಡನಿಗೆ ಮೆಲ್ಲಗೆ ಹೇಳಿದಳು, ಮಗಳಿಗೆ ಹೇಳಿಬಿಡೋಣ, ಅವಳೇನು ಹೊರಗಿನವಳೇ ಎಂದು. ಯಜಮಾನರು ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟರು.

“ಇವಳೇ, ಅವಳು ನನ್ನ ಹಠಮಾರಿ ಅಂತ ಬೈತಾಳಲ್ಲ, ಅದು ನನಗೆ ಹಿತವಾಗಿದೆ. ಬೈದಷ್ಟು ದಿನ ನಾನು ಆ ಕೋಣೆಯಲ್ಲಿ ಕೆಲಸದವನು. ಒಂದು ಸಲ ಪಾಪ ಅಂದ್ಬಿಟ್ಳು ಅಂದ್ರೆ ಮುಗೀತು. ಕೈ ಹಿಡಿದು ಕರ್ಕೊಂಡು ಹೋಗಿ ಬಾಗಿಲ ಹತ್ರ ಕುರ್ಚಿ ಹಾಕಿ ಕೂರಿಸ್ತಾಳೆ. ನೀನು ಹೇಳಕೂಡದು.”

ಅವಳು ಹೇಳುವುದಿಲ್ಲ ಎಂದು ಮಾತು ಕೊಟ್ಟಳು.

ಮಗಳು ಕೆಟ್ಟವಳಲ್ಲ. ನಾಲ್ಕು ದಿನ ಮುಖ ಊದಿಸಿಕೊಂಡಿದ್ದು, ಐದನೆಯ ದಿನ ತಾನೇ ಸೋತು ಒಂದು ದೊಡ್ಡ ಫ್ಯಾನು ತಂದಳು. ಹಳೆಯ ದೀಪವೇ ಇರಲಿ, ಗಾಳಿಯಾದರೂ ಆಡಲಿ ಎಂದಳು. ತರುವಾಗ ಅವಳ ಮುಖದಲ್ಲಿದ್ದ ಗೆಲುವನ್ನು ಕಂಡು ಸ್ಟೂಲಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಯಜಮಾನರಿಗೂ ಬೇಡ ಎನ್ನಲು ಕಾರಣ ಸಿಗಲಿಲ್ಲ. ಫ್ಯಾನು ಸ್ಟೂಲಿನ ಎದುರಿಗೆ ಬಂದು ನಿಂತಿತು.

ಆ ವಾರವೇ ರಿಟೈರಾದ ಹೆಡ್‌ಮಿಸ್ಟ್ರೆಸ್ಸು ಬಂದರು. ಕೆಲಸಕ್ಕೆ ಸೇರಿದ ದಿನ ಇದೇ ಸ್ಟೂಲಿನ ಮೇಲೆ ಕೂತು ತೆಗೆಸಿಕೊಂಡಿದ್ದ ಫೋಟೋ ಅವರ ಕೈಚೀಲದಲ್ಲಿತ್ತು. ಎರಡು ಜಡೆ, ಬಲಗೆನ್ನೆಯ ಮೇಲೆ ಎಲೆ, ಲೋಕವನ್ನೇ ತಿದ್ದಿಬಿಡುವಂಥ ಕಣ್ಣು. ಆ ಹೊತ್ತು ತಮ್ಮ ಜಡೆ ಹೆಣೆದುಕೊಟ್ಟವಳು ಸ್ಟೂಲಮ್ಮನೇ ಎಂದು ನೆನಪಿಸಿ ಅವಳ ಕೈ ಹಿಡಿದುಕೊಂಡರು. ಈಗಲೂ ಅದೇ ಬೆಳಕು ಬೇಕು, ಮುಖ ಹೇಗಾದರೂ ಇರಲಿ ಎಂದು ಯಜಮಾನರಿಗೆ ಹೇಳಿದರು. ಹೆಂಗಸರಿಬ್ಬರೂ ಆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಆ ಕಾಲ ಎಷ್ಟು ಹತ್ತಿರದಲ್ಲಿದೆ, ಕೈ ಚಾಚಿದರೆ ಸಿಗುವಂತಿದೆ ಎಂದು ಸ್ಟೂಲಮ್ಮನಿಗೆ ಅನ್ನಿಸಿತು.

“ದೀಪ” ಎಂದು ಕೂಗಾಯಿತು. ಅಡುಗೆಮನೆ ಸ್ತಬ್ಧವಾಯಿತು. ಸ್ಟೂಲಮ್ಮ ಕೂತಳು, ಯಜಮಾನರು ಅವಳ ಕೆನ್ನೆಯ ಪಕ್ಕ ಕೈ ಹಿಡಿದರು. ಫ್ಯಾನು ಬಿಸಿಯನ್ನೆಲ್ಲ ಹೊಡೆದು ಮೂಲೆಗೆ ಕಳಿಸುತ್ತಿತ್ತು. ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಅವಳು ಕಣ್ಣಿನಲ್ಲೇ ಏನಾದರೂ ಹೇಳಬಹುದಿತ್ತು, ಆದರೆ ಅವಳ ಕಣ್ಣು ಅವರಿಗೆ ಕಾಣುತ್ತಿರಲಿಲ್ಲ. ಕೊನೆಗೆ ಅವರು ದೊಡ್ಡಣ್ಣನನ್ನು ತೀರ ಪಕ್ಕಕ್ಕೆ ಎಳೆದು, “ಹ್ಞೂಂ” ಎಂದರು. ಆ “ಹ್ಞೂಂ” ಸುಳ್ಳು ಎಂದು ಅವಳಿಗೆ ಗೊತ್ತಾಯಿತು.

ಹೆಡ್‌ಮಿಸ್ಟ್ರೆಸ್ಸು ಬಂದು ಕೂತರು. ಮಗಳು ಕ್ಯಾಮೆರಾದಲ್ಲಿ ನೋಡಿ, ಕತ್ತೆತ್ತಿ, ಮತ್ತೆ ನೋಡಿದಳು.

“ಅಪ್ಪ, ಅರ್ಧ ಮುಖ ಕತ್ತಲಲ್ಲಿದೆ.”

“ಅದೇ ಬೇಕಾಗಿರೋದು.”

“ಒಂದು ಕಣ್ಣೇ ಇಲ್ಲ ಅಪ್ಪ ಇದರಲ್ಲಿ.”

ಮಗಳು ಬಂದು ತನ್ನ ಕೈಯಿಂದಲೇ ದೊಡ್ಡಣ್ಣನನ್ನು ಸರಿಸಿದಳು. ಆ ಮನೆಯಲ್ಲಿ ಹಿಂದೆಂದೂ ಆಗಿರದ ಸಂಗತಿ ಅದು. ಹೆಡ್‌ಮಿಸ್ಟ್ರೆಸ್ಸು ಇಬ್ಬರ ಮುಖವನ್ನೂ ನೋಡಿ, ಜಗಳವಾಡುವ ಮಕ್ಕಳ ನಡುವೆ ಕೂತು ಅಭ್ಯಾಸವಿದ್ದವರಂತೆ, ನೇರವಾಗಿ ಗೋಡೆ ನೋಡುತ್ತ ಕೂತರು. ಫೋಟೋ ಏನೋ ಆಯಿತು. ಎಲೆ ಬಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಗಿರಾಕಿ ಬಾಗಿಲು ದಾಟಿದ್ದೇ ಮಗಳು ಬಾಯಿ ಬಿಟ್ಟಳು. ಯಜಮಾನರು ಎಲ್ಲಕ್ಕೂ ಆ ಫ್ಯಾನೇ ಕಾರಣ, ಅದನ್ನು ಮೊದಲು ಹೊರಗೆ ಹಾಕು ಎಂದರು.

“ಫ್ಯಾನಿಗೂ ಬೆಳಕಿಗೂ ಏನಪ್ಪ ಸಂಬಂಧ? ಬೆಳಕೇನು ಗಾಳಿಗೆ ಹಾರ್ಕೊಂಡು ಹೋಗುತ್ತಾ?”

ಪರದೆಯ ಆಚೆ ಗಿಣಿ ಕಿಸಕ್ಕೆಂದು ನಕ್ಕಳು. ಯಜಮಾನರು ಹಿತ್ತಿಲಿಗೆ ಹೋದರು. ಅಪ್ಪನಿಗೆ ವಯಸ್ಸಾಯಿತು, ಹಠಕ್ಕೆ ಈಗ ತಲೆಬುಡವಿಲ್ಲ ಎಂದು ಮಗಳು ಅಂದದ್ದು ಅವರಿಗೂ ಕೇಳಿರಬೇಕು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಯಜಮಾನರು ಬೇಗ ಉಂಡು ಮಲಗುತ್ತಿದ್ದರು, ಮಗಳು ಅವರು ಮಲಗಿದ ಮೇಲೆ ಉಣ್ಣುತ್ತಿದ್ದಳು. ಸ್ಟೂಲಮ್ಮ ಎರಡು ಸಲ ಬಡಿಸುತ್ತಿದ್ದಳು, ತಾನು ಯಾವ ಪಂಕ್ತಿಗೂ ಸೇರದೆ ಒಲೆಯ ಹತ್ತಿರ ನಿಂತೇ ಎರಡು ತುತ್ತು ನುಂಗುತ್ತಿದ್ದಳು. ಅಳಿಯ ಎರಡೂ ಪಂಕ್ತಿಯಲ್ಲಿ ಕೂತು, ಮನೆಯಳಿಯ ಎಂದಮೇಲೆ ಎರಡೂ ಪಕ್ಷದ ಅನ್ನ ತಿನ್ನಲೇಬೇಕು ಎಂದು ಹೊಟ್ಟೆ ಸವರಿಕೊಂಡ. ಅವನ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಮಾತುಗಳೆಲ್ಲ ಈಗ ಗಿಣಿಯ ಮೂಲಕ ಹೋಗುತ್ತಿದ್ದವು, ನಿಮ್ಮಜ್ಜನಿಗೆ ಹೇಳು, ನಿಮ್ಮಮ್ಮನಿಗೆ ಹೇಳು ಎಂದು. ಗಿಣಿ ಒಂದಕ್ಕೆರಡು ಸೇರಿಸಿ ತಲುಪಿಸುತ್ತಿದ್ದಳು.

ಒಂದು ಮಧ್ಯಾಹ್ನ ಮಗಳು ಬಟ್ಟೆ ಮಡಿಸುತ್ತ ತಾಯಿಯ ಹತ್ತಿರ ಬಂದು ಕೂತಳು. ಅವಳ ಕೋಪ ಇಳಿದಿತ್ತು, ಅದರ ಜಾಗದಲ್ಲಿ ಸಂಕಟವಿತ್ತು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಎತ್ತಿಕೊಂಡು ದೊಡ್ಡಣ್ಣನ ಹಿಂದೆ ನಿಲ್ಲಿಸುತ್ತಿದ್ದರು, ನಿನ್ನ ಮುಖದ ಮೇಲೆ ನೆರಳು ಹೇಗೆ ನಡೆಯುತ್ತದೆ ಎಂದು ತೋರಿಸುತ್ತಿದ್ದರು, ನೆನಪಿದೆಯಾ ಎಂದು ಕೇಳಿದಳು. ಸ್ಟೂಲಮ್ಮನಿಗೆ ಎಲ್ಲ ನೆನಪಿತ್ತು. ದೀಪ ಮೇಲೆತ್ತಿದರೆ ನೆರಳು ತುಟಿಗೆ ಇಳಿಯುತ್ತದೆ, ಪಕ್ಕಕ್ಕೆ ತಳ್ಳಿದರೆ ಕೆನ್ನೆಗೆ ಹರಿಯುತ್ತದೆ ಎಂದು ಆ ಮಗು ಹಾಡಿನಂತೆ ಹೇಳುತ್ತಿತ್ತು. ಎಲೆ ಬಿತ್ತು ಎಂದು ಮೊದಲು ಕೂಗಿದವರಿಗೆ ಒಂದು ಬಿಸ್ಕತ್ತು, ಯಜಮಾನರು ಬೇಕೆಂದೇ ಸೋಲುತ್ತಿದ್ದರು.

“ನನಗೆ ಇಷ್ಟೆಲ್ಲ ಕಲಿಸಿದೋರು ಈಗ ಯಾಕಮ್ಮ ಹೀಗೆ ದೂರ ಮಾಡ್ತಾರೆ?” ಎಂದಳು ಮಗಳು. “ನನ್ನ ಮೇಲೆ ನಂಬಿಕೆ ಇಲ್ವಾ ಅವರಿಗೆ?”

ಸ್ಟೂಲಮ್ಮನ ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಉಗುಳಿನ ಜೊತೆ ನುಂಗಿಕೊಂಡು, ಆ ಟವೆಲು ಇತ್ತ ಕೊಡು ಎಂದಳು. ಗಂಡನ ಮಾನ ಕಾಯಲು ಮಗಳ ಮನಸ್ಸು ಮುರಿಯುತ್ತಿದ್ದೇನಲ್ಲ ಎಂದು ಅವಳಿಗೆ ಅಳು ಬಂತು. ಅಳಲೂ ಇಲ್ಲ, ಏಕೆಂದರೆ ಅತ್ತರೆ ಕಾರಣ ಹೇಳಬೇಕಾಗುತ್ತಿತ್ತು.

ಬೇಡವೆಂದು ಮಗಳು ಹೇಳಿ ಕಳಿಸಿರದಿದ್ದ ಹೊಸ ದೀಪಗಳು ಹೇಳಿದ್ದಕ್ಕಿಂತ ಬೇಗ ಬಂದವು. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಅಳಿಯನೂ ಗಿಣಿಯೂ ಸೇರಿ ಬಿಚ್ಚಿದರು. ಪರೀಕ್ಷೆ ಬರೆಯುವ ರಟ್ಟಿನಂತೆ ಚಪ್ಪಟೆಯಾದ ಫಲಕಗಳು. ಬಟನ್ನು ಒತ್ತಿದರೆ ಸದ್ದಿಲ್ಲದೆ ಹಾಲಿನಂಥ ಬೆಳಕು. ಈ ಸಲ ಯಜಮಾನರು ಜಗಳವಾಡಲಿಲ್ಲ. ಫ್ಯಾನಿನ ದಿನದಿಂದ ಅವರ ಪಟ್ಟು ಸಡಿಲವಾಗಿತ್ತು. ಹೆಡ್‌ಮಿಸ್ಟ್ರೆಸ್ಸಿನ ಮುಖ ಕೆಡಿಸಿದವನಿಗೆ ಇನ್ನು ಹಠ ಹಿಡಿಯುವ ಹಕ್ಕಿಲ್ಲ ಎಂದು ಹೆಂಡತಿಯ ಹತ್ತಿರ ಅಂದಿದ್ದರು. ದೊಡ್ಡಣ್ಣ ಸ್ಟ್ಯಾಂಡಿನಿಂದ ಇಳಿಯುವಾಗ ಒಂದು ಕೈ ತಾವೂ ಕೊಟ್ಟರು. ಇನ್ನೂ ಬೆಚ್ಚಗಿದ್ದ ತಗಡನ್ನು ಅಂಗೈಯಿಂದ ಒಮ್ಮೆ ಸವರಿ, ಅಟ್ಟದ ಕಡೆ ತೋರಿಸಿದರು. ಆಮೇಲೆ ಹೊಸ ದೀಪದ ಮುಂದೆ ಕೈಯ ಹಿಂಭಾಗ ಹಿಡಿದು ನೋಡಿದರು. ಒಂದು ಕ್ಷಣ, ಎರಡು ಕ್ಷಣ. ಕೈ ಇಳಿಸಿ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

ಅಂದಿನಿಂದ ಅವರು ಸ್ಟುಡಿಯೋದ ಪರದೆ ದಾಟಲಿಲ್ಲ. ಬೀನ್ಸು ಬಿಡಿಸಿದರು, ಬಾವಿಯ ಹಗ್ಗ ಬದಲಿಸಿದರು, ಚಹಾ ಕುಡಿಯದೆ ಆರಲು ಬಿಟ್ಟರು. “ದೀಪ” ಎಂಬ ಕೂಗು ನಿಂತುಹೋಯಿತು. ಮಿಕ್ಸಿ ಇಡೀ ದಿನ ತನಗೆ ಬೇಕಾದಂತೆ ತಿರುಗಿತು, ಗಿಣಿ ಪೂರ್ತಿ ತಲೆ ತೊಳೆದುಕೊಂಡಳು, ಅಳಿಯನ ಅಂಗಿಯ ಎರಡೂ ಬದಿ ನುಣುಪಾಯಿತು. ಮನೆ ಮಾತ್ರ ಯಾರೋ ಊರು ಬಿಟ್ಟು ಹೋದಂತಿತ್ತು. ಸ್ಟೂಲಮ್ಮ ಕೆಲಸದ ನಡುವೆ ಇದ್ದಕ್ಕಿದ್ದಂತೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಹಳೆಯ ಬೇಗೆ, ಹಳೆಯ ಕೂಗು, ಹಾರಿದ ಫ್ಯೂಸಿನ ಕತ್ತಲಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬೈದುಕೊಂಡ ಸಂಜೆಗಳು, ಎಲ್ಲವೂ ಬೇಕೆನಿಸುತ್ತಿತ್ತು.

ಹೊಸ ಬೆಳಕು ಮಗಳಿಗೂ ಅಷ್ಟು ಬೇಗ ಒಗ್ಗಲಿಲ್ಲ. ಫೋಟೋಗಳು ಸ್ವಚ್ಛವಾಗಿ ಬರುತ್ತಿದ್ದವು, ಮುಖಗಳೆಲ್ಲ ತಟ್ಟೆಯಂತೆ ಚಪ್ಪಟೆ. ಒಂದು ಬೆಳಿಗ್ಗೆ ಬೇಕರಿಯ ಮಾಲೀಕನೂ ಅವನ ಹೆಂಡತಿಯೂ ಬಂದು ಕನ್ನಡಿಯ ಮುಂದೆ ನಿಂತರು, ಮದುವೆಯ ಫೋಟೋವನ್ನು ಇಲ್ಲೇ ತೆಗೆಸಿಕೊಂಡವರು. ಮಗಳು ಅಡುಗೆಮನೆಗೆ ಬಂದು, ಅಮ್ಮ ಒಂಚೂರು ಬಂದು ಕೂತ್ಕೋ, ಹೊಂದಿಸಿ ನೋಡ್ತೀನಿ ಎಂದಳು.

ಸ್ಟೂಲಮ್ಮ ಕೈಯಲ್ಲಿದ್ದ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡಳು. ಗಂಡನಿಗೆ ಕೊಟ್ಟದ್ದು ಹೇಳುವುದಿಲ್ಲ ಎಂಬ ಮಾತು. ಕೂರುತ್ತೇನೆ ಎಂದು ಅವಳು ಯಾರಿಗೂ ಮಾತು ಕೊಟ್ಟಿರಲಿಲ್ಲ.

“ಅವರು ಬಂದು ದೀಪ ನೋಡೋವರೆಗೂ ನಾನು ಕೂರಲ್ಲ” ಎಂದಳು.

“ಅಮ್ಮ, ಹೊರಗೆ ಜನ ಕಾಯ್ತಿದಾರೆ.”

“ಕಾಯಲಿ.”

ಇಷ್ಟು ವರ್ಷದಲ್ಲಿ ಅವಳು ಕೂರುವುದಿಲ್ಲ ಎಂದದ್ದು ಅದೇ ಮೊದಲು. ಮಗಳು ಅವಳ ಮುಖ ನೋಡಿದಳು, ಇದು ಜಗ್ಗುವ ಮಾತಲ್ಲ ಎಂದು ತಿಳಿದು ಹಿತ್ತಿಲಿನ ಬಾಗಿಲಿಗೆ ಹೋಗಿ ಅಪ್ಪನನ್ನು ಕರೆದಳು. ಗಿಣಿಯ ಮೂಲಕವಲ್ಲದೆ ನೇರವಾಗಿ ಕರೆದದ್ದೂ ಬಹಳ ದಿನಗಳ ಮೇಲೆ. ಅವರು ಬರುವುದಿಲ್ಲ ಎಂದರು. ಅಮ್ಮ ಕೂರಲ್ಲ ಅಂತಿದಾಳೆ ಎಂದಾಗ ಪಂಚೆ ಕೊಡವಿಕೊಂಡು ಎದ್ದು ಬಂದರು.

ಸ್ಟೂಲಮ್ಮ ಕೂತಳು. ತಣ್ಣನೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು, ಬಿದ್ದದ್ದೇ ಅವಳಿಗೂ ತಿಳಿಯುತ್ತಿರಲಿಲ್ಲ. ಯಜಮಾನರು ಅಭ್ಯಾಸಬಲದಿಂದ ಹತ್ತಿರ ಬಂದು ಅವಳ ಎಡಗಣತಲೆಯ ಪಕ್ಕ ಕೈ ಹಿಡಿದರು. ಏನೂ ಇಲ್ಲ. ಬಲಗಡೆ ಹಿಡಿದರು. ಅಲ್ಲೂ ಏನೂ ಇಲ್ಲ. ಕೈ ಗಾಳಿಯಲ್ಲಿ ಏನನ್ನೋ ಕಳೆದುಕೊಂಡಂತೆ ನಿಂತಿತು. ಇನ್ನಷ್ಟು ಹತ್ತಿರ ಬಂತು. ಕೊನೆಗೆ ಬೆರಳುಗಳು ಅವಳ ಕೆನ್ನೆಯನ್ನು ಮುಟ್ಟಿದವು, ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಎಲೆ ಬೀಳಬೇಕಾದ ಕಡೆ. ಅಲ್ಲಿ ತಡಕಾಡಿದವು.

ಮಗಳು ಕ್ಯಾಮೆರಾದ ಹಿಂದೆ ನಿಂತು ಇದನ್ನು ನೋಡಿದಳು. ಅಪ್ಪ ಅಮ್ಮನ ಮುಖದ ಕಡೆ ತಿರುಗಿದ್ದರೂ ಅವರ ನೋಟ ಅವಳ ಕಿವಿಯಾಚೆ ಎಲ್ಲೋ ನೆಟ್ಟಿತ್ತು. ಮಗಳ ಕಣ್ಣು ಮೂಲೆಯಲ್ಲಿ ನಿಂತಿದ್ದ ಫ್ಯಾನಿನ ಮೇಲೆ ಹೋಯಿತು, ಅಲ್ಲಿಂದ ಆ ಬೆರಳುಗಳಿಗೆ ಬಂತು. ಅವಳಿಗೆ ಎಲ್ಲವೂ ಅರ್ಥವಾದದ್ದು ಸ್ಟೂಲಮ್ಮನಿಗೆ ಕಂಡಿತು. ಬಿಸಿ, ಗಾಳಿ, ಹಠ, ಎಲ್ಲ. ಮಗಳು ತಾಯಿಯನ್ನು ನೋಡಿದಳು. ಅವಳ ಕೆಳತುಟಿ ಮಗುವಿನಂತೆ ಮುದುಡಿತು.

ಅನ್ನಬೇಡ ಮಗಳೇ, ಪಾಪ ಎಂಬ ಆ ಒಂದು ಮಾತು ಅನ್ನಬೇಡ ಎಂದು ಸ್ಟೂಲಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ತಲೆ ಅಲ್ಲಾಡಿಸಲೂ ಇಲ್ಲ, ಕಣ್ಣು ಮಿಟುಕಿಸಲೂ ಇಲ್ಲ.

ಮಗಳು ಒಂದು ಉಸಿರು ಒಳಗೆಳೆದುಕೊಂಡಳು.

“ಏನಪ್ಪ, ಹಠ ಮಾಡ್ಕೊಂಡು ಹೀಗೆ ನಿಂತ್ರೆ ಕೆಲಸ ಆಗುತ್ತಾ?” ಧ್ವನಿ ಎಂದಿಗಿಂತ ಒಂದು ಹಿಡಿ ಹೆಚ್ಚೇ ಗಡಸಾಗಿತ್ತು. “ಮೂಗಿನ ನೆರಳು ಕೆನ್ನೆ ದಾಟಿ ಕಿವಿ ಕಡೆ ಹೋಗಿದೆ. ಎಲೆ ಬಿದ್ದಿಲ್ಲ. ನನ್ನ ಕೇಳಿದ್ರೆ ಹೀಗೇ ಚೆನ್ನಾಗಿದೆ.”

ಯಜಮಾನರ ಬೆರಳು ಹೆಂಡತಿಯ ಕೆನ್ನೆಯ ಮೇಲೆ ಹಾಗೇ ನಿಂತಿತು. ಮಗಳು ನೆರಳಿನ ದಾರಿಯನ್ನು ಯಾಕೆ ಹೀಗೆ ಬಿಡಿಸಿ ಹೇಳಿದಳು ಎಂದು ಅವರಿಗೆ ತಿಳಿಯಿತು, ತಿಳಿದದ್ದು ಆ ಬೆರಳುಗಳಿಂದ ಸ್ಟೂಲಮ್ಮನಿಗೆ ತಿಳಿಯಿತು.

“ಹೀಗೇ ಚೆನ್ನಾಗಿದೆಯಂತೆ” ಎಂದರು ಕೊನೆಗೆ. “ನೆರಳು ಕಿವಿ ಕಡೆ ಓಡಿದ್ರೆ ದೀಪ ತೀರ ಪಕ್ಕಕ್ಕಿದೆ ಅಂತ. ಯಾರು ಕಲಿಸಿದ್ದು ನಿನಗೆ?”

“ನೀವೇ.”

“ನಾನು ಹಾಗೆ ಕಲಿಸಿಲ್ಲ. ತಾ ಅದನ್ನ ಕ್ಯಾಮೆರಾ ಕಡೆಗೆ. ಒಂದು ಮೊಳ.”

ಮಗಳು ಗೊಣಗುತ್ತ ಎಳೆದಳು. ಅವರು ಹೆಂಡತಿಯ ಕೆನ್ನೆಯಿಂದ ಕೈ ತೆಗೆದು, ಬೆನ್ನಿಗೆ ಕಟ್ಟಿಕೊಂಡು, ಹಿಂದೆ ಸರಿದು ತಮ್ಮ ಎಂದಿನ ಜಾಗದಲ್ಲಿ ನಿಂತರು.

“ಈಗ ಎಲ್ಲಿದೆ?” ಎಂದರು. ಕೇಳುವಾಗ ಅವರ ದನಿ ಸ್ವಲ್ಪ ಎಡವಿತು.

“ತುಟಿಗೆ ಇಳಿದಿದೆ.”

“ದೀಪ ಎತ್ತರ ಆಯ್ತು. ಇಳಿಸು.”

“ಇಳಿಸಲ್ಲ. ಇಳಿಸಿದ್ರೆ ಕಣ್ಣು ಕುಕ್ಕುತ್ತೆ.”

“ಇಳಿಸು ಅಂದೆ.”

ಕನ್ನಡಿಯ ಮುಂದಿದ್ದ ಬೇಕರಿಯ ಮಾಲೀಕ ಇಣುಕಿ ನೋಡಿ, ನಾಳೆ ಬರೋಣವೇ ಎಂದು ಹೆಂಡತಿಯನ್ನು ಕೇಳಿದ. ಅವಳು ಇಲ್ಲಿ ಯಾವಾಗಲೂ ಹೀಗೇ, ನಮ್ಮ ಮದುವೆಯ ಸಲವೂ ಹೀಗೇ ಇತ್ತಲ್ಲ, ಸುಮ್ಮನೆ ನಿಂತಿರಿ ಎಂದಳು. ಒಳಗಿನಿಂದ ಗಿಣಿ ಏನಾಯಿತು ಎಂದು ಕೂಗಿದಳು. ಮಗಳು ದೀಪ ಇಳಿಸಿದಳು. ಸ್ಟೂಲಮ್ಮನಿಗೆ ಆ ಬೈದಾಟವನ್ನು ಕೇಳುತ್ತ ಕೇಳುತ್ತ ತಡೆಯಲಾಗಲಿಲ್ಲ. ಸುಖಕ್ಕೋ ದುಃಖಕ್ಕೋ, ಕಣ್ಣು ತುಂಬಿ ಹರಿಯಿತು.

“ಅಮ್ಮ ಅಳ್ತಿದಾಳೆ” ಎಂದಳು ಮಗಳು ಅಪ್ಪನಿಗೆ. “ಎರಡೂ ಕೆನ್ನೆ ಒದ್ದೆಯಾಗಿ ಹೊಳೀತಿದೆ. ಎಲೆ ಬಿದ್ದಿದೆ, ಆದ್ರೆ ನೀರಲ್ಲಿ ಕಾಣ್ತಿಲ್ಲ.”

“ಹಾಗಾದ್ರೆ ಒರೆಸು” ಎಂದರು ಯಜಮಾನರು. “ಅಲುಗಾಡಬೇಡ ಕಣೇ, ಜಾಗ ತಪ್ಪುತ್ತೆ.”

ಸ್ಟೂಲಮ್ಮ ಅಲುಗಾಡಲಿಲ್ಲ. ಮಗಳು ಮೊದಲು ತನ್ನ ಕಣ್ಣು ಒರೆಸಿಕೊಂಡಳು. ಅದನ್ನು ಮಾತ್ರ ಅಪ್ಪನಿಗೆ ಹೇಳಲಿಲ್ಲ.